ಲ್ಯಾಮಿನೇಷನ್ ಮಾಡಿಸಿದ ಹಾಳೆ

ಸವಳಂಗ
12 ಜನವರಿ 2026

ದ್ಯಾಮಮ್ಮನವರಿಗೆ,

ಅಭ್ಯಾಸಬಲದಿಂದ ‘ಅತ್ತೆಯವರಿಗೆ’ ಎಂದು ಬರೆದಿದ್ದೆ, ಹೊಡೆದುಹಾಕಿದೆ. ನವೆಂಬರಿನಲ್ಲಿ ಚನ್ನಗಿರಿ ಕೋರ್ಟಿನವರು ಆ ಸಂಬಂಧ ಮುಗಿಯಿತು ಎಂದು ಕಾಗದ ಕೊಟ್ಟಿದ್ದಾರೆ. ನಿಮ್ಮ ಮಗ ವಿನಯ್ ಕುಮಾರ್ ತಮ್ಮ ಫೋನಿನಲ್ಲೂ ನಿಮ್ಮ ಫೋನಿನಲ್ಲೂ ನನ್ನ ನಂಬರು ಬ್ಲಾಕ್ ಮಾಡಿದ್ದಾರೆ. ಪೋಸ್ಟಿನ ಬೆನಕಪ್ಪನನ್ನು ಬ್ಲಾಕ್ ಮಾಡಲು ಅವರಿಗೆ ಆಗಲಿಕ್ಕಿಲ್ಲ, ಅದಕ್ಕೇ ಈ ಕಾಗದ. ನಾನು ಕ್ಷೇಮ. ನಿಮ್ಮ ಕ್ಷೇಮ ಕೇಳುವುದಿಲ್ಲ.

ನನ್ನ ತಂಗಿ ವಾಣಿಶ್ರೀಗೆ ಜಗಳೂರಿನ ಸಂಬಂಧ ಕೂಡಿಬಂದಿತ್ತು. ಹುಡುಗ ಒಪ್ಪಿದ್ದ, ತಾಂಬೂಲವೂ ಆಗಿತ್ತು. ಕಳೆದ ಮೇ ತಿಂಗಳಲ್ಲಿ ಅವರು ತಾಂಬೂಲ ವಾಪಸ್ ಕಳಿಸಿದರು. ಯಾಕೆ ಅಂತ ನಿಮಗೆ ಗೊತ್ತು. ನನ್ನನ್ನು ಬಿಡಿಸಲು ಹೊನ್ನಾಳಿಯಲ್ಲಿ ಹಿರಿಯರನ್ನು ಕೂಡಿಸಿದಾಗ, ಹದಿನೆಂಟು ಜನರ ಮುಂದೆ ನೀವು ಎದ್ದು ನಿಂತು ಹೇಳಿದಿರಿ: ‘ಇವಳಿಗೆ ಎದೆ ಕ್ಯಾನ್ಸರ್ ಬಂದಿದ್ದು ನಮ್ಮ ಮನೆಯಿಂದಲ್ಲ, ಇವಳ ವಂಶದ ರಕ್ತವೇ ಹಂಗೈತೆ.’ ಆ ಮಾತಿಗೆ ಬಸ್ ಚಾರ್ಜೂ ಬೇಕಾಗಲಿಲ್ಲ, ತಾನೇ ಜಗಳೂರಿಗೆ ಹೋಯಿತು. ನನ್ನ ತಂಗಿ ಈಗ ಹಿತ್ತಲಿಗೂ ತಲೆ ತಗ್ಗಿಸಿಕೊಂಡು ಹೋಗುತ್ತಾಳೆ.

ಇದರ ಜೊತೆ ಒಂದು ಪೇಪರ್ ಕಟಿಂಗ್ ಇಟ್ಟಿದ್ದೇನೆ. ನೀವು ಏಳನೇ ಕ್ಲಾಸು ಪಾಸಾದವರು, ಓದಿಕೊಳ್ಳಿ. ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾಗಳಿಗೂ ಸ್ತನದ ಕ್ಯಾನ್ಸರಿಗೂ ನಂಟು ಇರಬಹುದು ಎನ್ನಲು ವಂಶವಾಹಿಗಳಲ್ಲೇ ಸಾಕ್ಷ್ಯ ಸಿಕ್ಕಿದೆಯಂತೆ. ಹೊಟ್ಟೆಯೊಳಗೆ ಬ್ಯಾಕ್ಟೀರಿಯಾ ಎಲ್ಲಿಂದ ಬರುತ್ತವೆ? ಉಂಡ ಅನ್ನದಿಂದ. ಹನ್ನೊಂದು ವರ್ಷ ನಾನು ಉಂಡದ್ದು ಯಾರ ಅಡಿಗೆಮನೆಯಲ್ಲಿ? ಎಲ್ಲರದೂ ಆದ ಮೇಲೆ, ನಿನ್ನೆಯ ಮುದ್ದೆ, ಮೊನ್ನೆಯ ಸಾರು. ಬಿಸಿ ಅನ್ನ ಸೊಸೆಯ ತಟ್ಟೆಗೆ ಬಿದ್ದರೆ ನಿಮ್ಮ ಮನೆ ಲಕ್ಷ್ಮಿ ಎದ್ದು ಹೋಗುತ್ತಿದ್ದಳಲ್ಲ. ಹಾಗಾದರೆ ಕೆಟ್ಟದ್ದು ನನ್ನ ರಕ್ತವೋ, ನಿಮ್ಮ ಪಾತ್ರೆಯೋ?

ವಿನಯ್ ಅವರಿಗೆ ಸಾಸ್ವೆಹಳ್ಳಿಯಲ್ಲಿ ಹೆಣ್ಣು ನೋಡಿದ್ದೀರಿ ಎಂದು ಕೇಳಿದೆ. ಮಾಡಿಕೊಳ್ಳಲಿ. ಆದರೆ ‘ಶಾಂತಲಾಳ ವಂಶದಲ್ಲಿ ದೋಷವಿಲ್ಲ, ನಾನು ಆಡಿದ್ದು ಸುಳ್ಳು’ ಎಂದು ನೀವು ಬರೆದು ಸಹಿ ಹಾಕಿ ಕಳಿಸಬೇಕು. ಇಲ್ಲದಿದ್ದರೆ ಅಕ್ಕಿಕಾಳು ಬೀಳುವ ಹೊತ್ತಿಗೆ ನಾನೇ ಸಾಸ್ವೆಹಳ್ಳಿಗೆ ಬರುತ್ತೇನೆ. ನನಗೆ ಕಳೆದುಕೊಳ್ಳಲು ಉಳಿದಿರುವುದು ಒಂದೇ ಮೊಲೆ.

ಶಾಂತಲಾ

—

ಉಬ್ರಾಣಿ
20 ಜನವರಿ 2026

ಶಾಂತಲಾಗೆ ದ್ಯಾಮಮ್ಮ ಬರೆಯೋದು.

ನಿನ್ನ ಕಾಗದ ಬೆನಕಪ್ಪ ತಂದುಕೊಟ್ಟ. ಯಾರ ಕೈಲೂ ಓದಿಸಿಲ್ಲ, ನಾನೇ ಓದಿದೆ. ಓದಿ ಒಲೆಗೆ ಹಾಕಬೇಕು ಅಂತಿದ್ದೆ, ಕೊನೇ ಸಾಲು ನೋಡಿ ಮಡಚಿ ಇಟ್ಕಂಡೆ. ಮಾತಾಡಾಕೆ ನಾಚಿಕೆ ಬ್ಯಾಡ್ವೇನೆ ನಿಂಗೆ.

ತಂಗಳು ಹಾಕಿದ್ದು ನಿಂಗೊಬ್ಬಳಿಗೇನಾ? ಅದೇ ಮನೇಲಿ ನಲವತ್ತೈದು ವರ್ಷದಿಂದ ಉಣ್ತಿದೀನಿ. ನಾ ಬಂದ ಹೊಸದ್ರಾಗೆ ನಮ್ಮತ್ತೆ ನಂಗೆ ಹಳಸಿದ್ದೇ ಹಾಕೋರು, ತೊಳೆದು ಉಪ್ಪು ಕಲಸ್ಕಂಡು ತಿಂದೀನಿ. ಹಂಗಾರೆ ನಂಗ್ಯಾಕೆ ಬರಲಿಲ್ಲ ರೋಗ? ಹೇಳು. ಪೇಪರ್‌ನೋರು ಏನು ಬೇಕಾದ್ರೂ ಬರೀತಾರೆ.

ಮತ್ತೆ ಹೊಟ್ಟೆ ಮಾತು ಎತ್ತೀಯಲ್ಲ, ಅದ್ರ ನ್ಯಾಯ ಮುಗದೈತೆ. ಆ ಸಂಶೋಧನೆಯೋರು ಮನೆಗೇ ಬಂದು ನಮ್ಮಿಬ್ಬರದ್ದೂ ರಕ್ತ, ಮಲ ಎಲ್ಲಾ ತಗಂಡು ಹೋಗಿ, ವರ್ಷ ಬಿಟ್ಟು ಹೊಟ್ಟೆಯೊಳಗಿನ ಕ್ರಿಮಿ ಲೆಕ್ಕ ಬರೆದು ಇಬ್ಬರಿಗೂ ಒಂದೊಂದು ಹಾಳೆ ಕಳಿಸಿದ್ರಲ್ಲ. ನನ್ನ ಹಾಳೇಲಿ ‘ಉತ್ತಮ’ ಅಂತ ಐತೆ. ಚನ್ನಗಿರೀಲಿ ಲ್ಯಾಮಿನೇಷನ್ ಮಾಡಿಸಿ ಕ್ಯಾಲೆಂಡರ್ ಪಕ್ಕ ಹಾಕೀನಿ. ಬಂದೋರಿಗೆಲ್ಲಾ ತೋರಸ್ತೀನಿ, ಯಾಕೆ ತೋರಸಬಾರದು? ಹೊನ್ನಾಳೀಲಿ ನ್ಯಾಯ ಮಾಡಿದ ಓಂಕಾರಪ್ಪನೋರು ನಂದೂ ನೋಡಿದ್ರು, ನಿಂದೂ ನೋಡಿದ್ರು. ‘ದ್ಯಾಮಮ್ಮಂದು ಚೊಕ್ಕ, ಹುಡುಗೀದು ಕ್ರಿಮಿ ಜಾಸ್ತಿ’ ಅಂತ ಹಿರೇರ ಮುಂದೆ ಅಂದ್ರು. ಒಂದೇ ಅಡಿಗೆ ಉಂಡೋರು ಇಬ್ರು, ಒಬ್ಬಳದ್ದು ಚೊಕ್ಕ, ಒಬ್ಬಳದ್ದು ಹೊಲಸು ಅಂದ್ರೆ ಏನರ್ಥ? ಹುಟ್ಟಿದ ಮನೆಯಿಂದ ತಂದಿದ್ದು ಅಂತಲೇ ಅರ್ಥ.

ಬರಕೊಡಲ್ಲ. ನಿನ್ನ ತಂಗೀದು ನಂಗೂ ಬ್ಯಾಸರ ಐತೆ. ಆದ್ರೆ ಇದ್ದಿದ್ದು ಇದ್ದಂಗೆ ಅಂದೀನಿ.

ಸಾಸ್ವೆಹಳ್ಳಿಗೆ ಬಂದು ರಂಪ ಮಾಡಿದ್ರೆ ಮರ್ಯಾದೆ ಹೋಗೋದು ನಿನ್ನಪ್ಪಂದೇ.

ದ್ಯಾಮಮ್ಮ

—

ಸವಳಂಗ
27 ಜನವರಿ 2026

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ನನ್ನ ಹಿಂದಿನ ಕಾಗದದಲ್ಲಿ ಸಿಟ್ಟು ಹೆಚ್ಚಾಯಿತು. ದೊಡ್ಡವರಿಗೆ ಹಾಗೆಲ್ಲ ಬರೆಯಬಾರದಿತ್ತು. ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ಒಂದೇ ಅಡಿಗೆ ಉಂಡವರು ಇಬ್ಬರು, ಹಾಳೆ ಎರಡು ಎಂದಿರಿ. ಹಾಳೆಯೇ ಪ್ರಮಾಣ ಎಂದು ನಾನೂ ಒಪ್ಪುತ್ತೇನೆ.

ಆದರೆ ನಮ್ಮಪ್ಪ ಒಪ್ಪುತ್ತಿಲ್ಲ. ‘ಅವರ ಹಾಳೆಯಲ್ಲಿ ಏನಿದೆ ಎಂದು ಕಣ್ಣಾರೆ ನೋಡಿದವರು ಯಾರು, ಓಂಕಾರಪ್ಪ ಅವತ್ತು ಕನ್ನಡಕವನ್ನೇ ತಂದಿರಲಿಲ್ಲ’ ಎನ್ನುತ್ತಾರೆ. ಆದ್ದರಿಂದ ಒಂದು ಉಪಕಾರ ಮಾಡಿ. ನಿಮ್ಮ ಹಾಳೆಯಲ್ಲಿ ಬ್ಯಾಕ್ಟೀರಿಯಾಗಳ ಹೆಸರಿನ ಮುಂದೆ ಅಂಕಿಗಳಿವೆಯಲ್ಲ, ಅವನ್ನು ಮೇಲಿನಿಂದ ಕೆಳಗಿನವರೆಗೆ ನಿಮ್ಮ ಕೈಯಾರೆ ಬರೆದು ಕಳಿಸಿ. ನಿಮ್ಮ ಅಕ್ಷರ ದುಂಡಗಿದೆ, ಅಪ್ಪನಿಗೆ ಗುರುತು ಸಿಗುತ್ತದೆ. ಕೆಳಗೆ ‘ಈ ಹಾಳೆ ನನ್ನದೇ, ಇದರಲ್ಲಿರುವುದು ಸತ್ಯ, ಇದರ ಮೇಲೆಯೇ ನ್ಯಾಯ ತೀರ್ಮಾನವಾಗಲಿ’ ಎಂದು ಬರೆದು ಕೊರಳಲ್ಲಿರುವ ಲಿಂಗದ ಆಣೆ ಇಟ್ಟು ಸಹಿ ಹಾಕಿ. ಆಮೇಲೆ ನಾನು ಬಾಯಿ ಮುಚ್ಚಿಕೊಂಡಿರುತ್ತೇನೆ.

ಸಂಶೋಧನೆಯವರು ಮಲ ಹಿಡಿಯಲು ಆ ಡಬ್ಬಿ ಕೊಟ್ಟ ದಿನ ನೆನಪಿದೆಯೇ? ಕಾರ್ತಿಕ ಸೋಮವಾರ. ನೀವು ಎಷ್ಟು ಒದ್ದಾಡಿದಿರಿ.

ನಿಮ್ಮ ಸೊಸೆಯಾಗಿದ್ದ
ಶಾಂತಲಾ

—

ಉಬ್ರಾಣಿ
5 ಫೆಬ್ರವರಿ 2026

ಶಾಂತಲಾಗೆ,

ಈಗ ಬುದ್ಧಿ ಬಂತಲ್ಲ. ನೀನು ಮೊದ್ಲಿಂದ ಹಿಂಗೇ ತಗ್ಗಿ ನಡೆದಿದ್ರೆ ಇಷ್ಟು ದೂರ ಬರ್ತಿರಲಿಲ್ಲ. ಅಂಕಿ ಎಲ್ಲಾ ಬೇರೆ ಹಾಳೇಲಿ ಬರೆದು ಇದರ ಜೊತೆ ಇಟ್ಟೀನಿ. ಹೆಸರು ಓದಾಕೆ ನಾಲಿಗೆ ಹೊಳ್ಳಲಿಲ್ಲ, ಒಂದೊಂದು ಅಕ್ಷರ ನೋಡ್ಕಂಡು ಬರೆದೆ. ಕೆಳಗೆ ಆಣೆ ಇಟ್ಟು ಸಹಿನೂ ಹಾಕೀನಿ. ನಿಮ್ಮಪ್ಪಂಗೆ ತೋರಸು.

ಡಬ್ಬಿ ಮರೆಯಾಕಾಗುತ್ತಾ? ಆ ಆರೋಗ್ಯ ಇಲಾಖೆ ಅಂತರಘಟ್ಟಮ್ಮ ಬಂದು, ಅದರೊಳಗೆ ಹಾಕಿ ನಾಳೆ ಬೆಳಿಗ್ಗೆ ತನಕ ಫ್ರಿಜ್ಜಲ್ಲಿ ಇಡಿ ಅಂದ್ಲು. ಫ್ರಿಜ್ಜಲ್ಲಿ ಲಿಂಗಪೂಜೆಗೆ ಹಾಲು, ಬೆಣ್ಣೆ. ಅದರ ಪಕ್ಕ ಅದನ್ನ ಇಡಾಕೆ ಯಾರಿಗೆ ಮನಸ್ಸು ಬರುತ್ತೆ? ಹಿತ್ತಲಾಗೆ ಕಲ್ಲಿನ ತೊಟ್ಟಿ ಪಕ್ಕ ನೆರಳೈತೆ, ತಣ್ಣಗಿರುತ್ತೆ ಇಡು ಅಂತ ನಿನ್ನ ಕೈಗೇ ಕೊಟ್ಟೆ. ನೀನು ಮೂಗು ಮುಚ್ಕಂಡು ಹಿಡ್ಕಂಡು ಹೋದೆ. ಆಮೇಲೆ ನಾನು ತಲೆಗೆ ನೀರು ಹಾಕ್ಕಂಡೆ.

ಇನ್ನೊಂದು ಮಾತು. ನಿಂಗೆ ಗೊತ್ತಿರೋದ್ರಿಂದ ಕೇಳ್ತೀನಿ, ಬ್ಯಾರೇರಿಗೆ ಕೇಳಾಕಾಗಲ್ಲ. ಪಕ್ಕದ ಮನೆ ಅಜ್ಜಮ್ಮಂಗೆ ಎಡಗಡೆ ಎದೇಲಿ ಒಂದು ಗಂಟು ಆಗೈತಂತೆ. ಹುಣಸೆ ಬೀಜದಷ್ಟಿತ್ತಂತೆ, ಈಗ ನಿಂಬೆಕಾಯಿ ಆಗೈತೆ. ನೋವಿಲ್ಲ. ಅರಿಶಿನ ಹಚ್ತಾ ಐದಾಳೆ. ನಿಂದು ಮೊದ್ಲಿಗೆ ನೋವಿತ್ತೇನು? ನೋವಿಲ್ಲದಿದ್ರೆ ಭಯ ಇಲ್ವಲ್ಲ? ಅಜ್ಜಮ್ಮಂಗೆ ಹೇಳಬೇಕು, ಬರಿ. ಕಾಗದದ ಮೇಲೆ ನನ್ನ ಹೆಸರು ದೊಡ್ಡದಾಗಿ ಬರಿ, ವಿನಯ ಒಡೀಬಾರದು.

ದ್ಯಾಮಮ್ಮ

—

ಸವಳಂಗ
9 ಫೆಬ್ರವರಿ 2026

ಅತ್ತೆಯವರಿಗೆ,

ನೀವು ಬರೆದು ಆಣೆ ಇಟ್ಟ ಹಾಳೆ ಕೈಸೇರಿತು. ನನ್ನ ರೇಷ್ಮೆ ಸೀರೆಯ ಮಡಿಕೆಯೊಳಗೆ ಇಟ್ಟಿದ್ದೇನೆ. ಸಾಸ್ವೆಹಳ್ಳಿಗೆ ಉಡಲು ಅಂದುಕೊಂಡಿರುವ ಸೀರೆ ಅದು.

ಅಜ್ಜಮ್ಮನಿಗೆ ಹೇಳಿ: ನೋವಿಲ್ಲ ಎಂದು ಸುಮ್ಮನಿರುವುದೇ ದೊಡ್ಡ ತಪ್ಪು. ನನಗೂ ನೋವಿರಲಿಲ್ಲ. ಅದಕ್ಕೇ ನೂರ ಅರವತ್ತು ದಿನ ಕಾಯಲು ಆಯಿತು. ಶಿವರಾತ್ರಿಯ ಮಾರನೇ ದಿನ ಬಚ್ಚಲ ಬಾಗಿಲಲ್ಲಿ ನಿಂತು ನಿಮಗೆ ಗಂಟು ತೋರಿಸಿದೆ. ‘ಮಗಳ ಮದುವೆ ಮುಗೀಲಿ, ಈಗ ಆಸ್ಪತ್ರೆ ಗೀಸ್ಪತ್ರೆ ಅಂದರೆ ಸಂಬಂಧ ತಪ್ಪಿ ಹೋಗುತ್ತೆ’ ಎಂದಿರಿ. ಶ್ರಾವಣದಲ್ಲಿ ನಾದಿನಿಯ ಮದುವೆ ಮುಗಿಯಿತು. ಅಷ್ಟರಲ್ಲಿ ಅದು ಕಂಕುಳಿಗೆ ಏರಿತ್ತು. ಕಾಯದೆ ಹೋಗಿದ್ದರೆ ಇಡೀ ಮೊಲೆ ತೆಗೆಯಬೇಕಿರಲಿಲ್ಲವೇನೋ ಎಂದು ದಾವಣಗೆರೆಯ ಡಾಕ್ಟರಮ್ಮ ಹೇಳಿದರು.

ಇಂಜೆಕ್ಷನ್ ಶುರುವಾಗಿ ನನ್ನ ಕೂದಲು ಉದುರಿದಾಗ, ಒಲೆ ಮುಂದೆ ಕೂದಲು ಬೀಳಬಾರದು ಎಂದು ನೀವು ನನ್ನನ್ನು ಹಿತ್ತಲಿಗೆ ಕಳಿಸಿದಿರಿ. ನನ್ನ ಕೂದಲನ್ನು ನನ್ನ ಕೈಯಲ್ಲೇ ಗುಡಿಸಿಸಿದಿರಿ. ಆಗ ಬೇಲಿಯ ಮೇಲಿಂದ ಮಜ್ಜಿಗೆ ಲೋಟ ಚಾಚಿದವರು ಅಜ್ಜಮ್ಮ ಒಬ್ಬರೇ. ಅವರನ್ನು ನಾಳೆಯೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಯಾವ ಮದುವೆಗೂ ಕಾಯಬೇಡಿ.

ಶಾಂತಲಾ

—

ಉಬ್ರಾಣಿ
19 ಫೆಬ್ರವರಿ 2026

ಶಾಂತಲಾಗೆ,

ಹಳೇದನ್ನೆಲ್ಲ ಕೆದಕ್ಕಂಡು ಬರೀತೀಯ. ಹೆಣ್ಣು ಹೆತ್ತಿದ್ರೆ ನಿಂಗೆ ಗೊತ್ತಾಗ್ತಿತ್ತು, ನಾನ್ಯಾಕೆ ಕಾಯಿಸ್ದೆ ಅಂತ.

ಅಜ್ಜಮ್ಮಂಗೆ ಹೇಳಿದೆ. ಹೋಗಲ್ಲ ಅಂತಾಳೆ. ಆಕೇದೂ ಹಾಳೆ ಬಂದೈತಂತೆ, ಅದರಲ್ಲಿ ‘ಉತ್ತಮ’ ಅಂತ ಐತಂತೆ. ಹೊಟ್ಟೆ ಚೊಕ್ಕ ಇದ್ದೋರಿಗೆ ಈ ರೋಗ ಬರಲ್ಲ ಅಂತ ನೀನು ಕಳಿಸಿದ ಪೇಪರ್‌ನಾಗೇ ಐತಲ್ಲ, ಮತ್ಯಾಕೆ ಡಾಕ್ಟ್ರು ಅಂತಾಳೆ. ನಂಗೂ ಅದೇ ಸರಿ ಅನಸ್ತು. ಬರೀ ಬಾವು ಇರಬೇಕು. ಗಂಟಿನ ಮೇಲೆ ಚರ್ಮ ಒಳಕ್ಕೆ ಎಳಕಂಡೈತೆ, ಎಡಗೈ ಮೇಲೆತ್ತಾಕೆ ಬರವಲ್ದು, ಅಷ್ಟೇ. ರೊಟ್ಟಿ ಬಡಿಯಾಕೆ ಬಲಗೈ ಸಾಕು.

ಮದುವೆ ಏಪ್ರಿಲ್ 26ಕ್ಕೆ, ಸಾಸ್ವೆಹಳ್ಳೀಲಿ. ಲಗ್ನಪತ್ರಿಕೆ ನಿಂಗೆ ಕಳಸಲ್ಲ, ತಪ್ಪು ತಿಳೀಬ್ಯಾಡ. ಅವರು ಒಳ್ಳೆ ಜನ, ಆದ್ರೆ ಆರೋಗ್ಯದ ವಿಚಾರ ಬಾಳ ಕೇಳ್ತಾರೆ. ನಿನ್ನ ವಿಷಯ ಆದಮೇಲೆ ಇನ್ನೂ ಜಾಸ್ತಿ ಕೇಳ್ತಾರೆ.

ನಿಂಗೆ ಆಗಿದ್ದು ಹಿಂಗೇನಾ, ಚರ್ಮ ಒಳಕ್ಕೆ ಹೋಗಿತ್ತಾ? ಸುಮ್ನೆ ಕೇಳ್ದೆ. ಹಾಳೆ ಚೊಕ್ಕ ಐತೆ ಅಂದ್ರೆ ಭಯ ಇಲ್ಲ ಅಂತ ಒಂದು ಮಾತು ಬರಿ. ಅಜ್ಜಮ್ಮಂಗೆ ಧೈರ್ಯ ಆಗುತ್ತೆ.

ದ್ಯಾಮಮ್ಮ

—

ಸವಳಂಗ
2 ಏಪ್ರಿಲ್ 2026

ದ್ಯಾಮಮ್ಮನವರಿಗೆ,

ನಿಮ್ಮ ಕಾಗದ ಫೆಬ್ರವರಿ 21ಕ್ಕೆ ಬಂತು. ಇವತ್ತಿಗೆ ನಲವತ್ತು ದಿನ. ಪೋಸ್ಟಿನವರು ತಡ ಮಾಡಲಿಲ್ಲ, ನನಗೆ ಕೈ ನೋವೂ ಇರಲಿಲ್ಲ. ಬೇಕೆಂದೇ ಬರೆಯಲಿಲ್ಲ.

ಅಜ್ಜಮ್ಮನಿಗೆ ಎಂಬತ್ತೆರಡು ವರ್ಷ. ಸಂಶೋಧನೆಯವರು ತೆಗೆದುಕೊಂಡದ್ದು ಅರವತ್ತೈದರ ಒಳಗಿನವರನ್ನು ಮಾತ್ರ. ಅಂತರಘಟ್ಟಮ್ಮ ಅಜ್ಜಮ್ಮನ ಬಾಗಿಲಿಗೆ ಹೋಗಲೇ ಇಲ್ಲ. ನಿಮ್ಮ ಓಣಿಯಲ್ಲಿ ಹಾಳೆ ಬಂದಿದ್ದು ನಿಮ್ಮ ಮನೆಗೆ ಮಾತ್ರ. ಹೆಗಲು ಮುಟ್ಟಿ ನೋಡಿಕೊಂಡ ಕುಂಬಳಕಾಯಿ ಕಳ್ಳ ಯಾರೆಂದು ಕಾಗದ ಮಡಚುವ ಮೊದಲೇ ಗೊತ್ತಾಯಿತು.

ನನಗೆ ಖುಷಿಯಾಯಿತು ದ್ಯಾಮಮ್ಮನವರೇ. ಸುಳ್ಳು ಹೇಳುವುದಿಲ್ಲ, ಆ ರಾತ್ರಿ ಎರಡು ಮುದ್ದೆ ಉಂಡೆ. ನೀವು ಮದುವೆ ಮುಗಿಯುವ ತನಕ ಬಾಯಿ ಬಿಡುವುದಿಲ್ಲ, ಸಂಬಂಧ ತಪ್ಪಿಹೋಗುವ ಹೆದರಿಕೆ. ನನಗೆ ಹಾಕಿದ ಗಂಟನ್ನೇ ನಿಮಗೂ ಹಾಕಿಕೊಂಡಿದ್ದೀರಿ. ನಾನು ಏನೂ ಮಾಡಬೇಕಾಗಿರಲಿಲ್ಲ, ಸುಮ್ಮನೆ ಕೂತರೆ ಸಾಕಿತ್ತು. ನೂರ ಅರವತ್ತು ದಿನ ಕಾಯಿಸಬೇಕೆಂದು ಕ್ಯಾಲೆಂಡರಿನಲ್ಲಿ ಜುಲೈ 31ಕ್ಕೆ ಗುರುತು ಹಾಕಿದೆ.

ಈಗ ಹಾಳೆಯ ವಿಷಯ. ಕೂತು ಓದಿ.

ಆ ಕಾರ್ತಿಕ ಸೋಮವಾರ ನಿಮ್ಮ ಡಬ್ಬಿಯನ್ನು ಹಿತ್ತಲ ತೊಟ್ಟಿಯ ಪಕ್ಕ ಇಟ್ಟೆ. ಸಂಜೆ ನೋಡಿದರೆ ಇಲ್ಲ. ನಾಯಿ ಎಳೆದುಕೊಂಡು ಹೋಗಿ ಬೇಲಿಯಾಚೆ ಕಡಿದು ಚೆಲ್ಲಾಡಿತ್ತು. ನಿಮಗೆ ಹೇಳಿದ್ದರೆ ನನ್ನ ಚರ್ಮ ಸುಲಿಯುತ್ತಿದ್ದಿರಿ, ಇನ್ನೊಂದು ಸಲ ನೀವು ಡಬ್ಬಿ ಮುಟ್ಟುತ್ತಲೂ ಇರಲಿಲ್ಲ. ‘ಡಬ್ಬಿ ಒಡೆಯಿತು’ ಎಂದು ಅಂತರಘಟ್ಟಮ್ಮನ ಹತ್ತಿರ ಇನ್ನೊಂದು ಇಸಿದುಕೊಂಡೆ. ಮಾರನೇ ಬೆಳಿಗ್ಗೆ ಎರಡೂ ಡಬ್ಬಿಗೆ ನಾನೇ ಹಾಕಿದೆ. ಒಂದಕ್ಕೆ ನನ್ನ ಚೀಟಿ, ಇನ್ನೊಂದಕ್ಕೆ ನಿಮ್ಮ ಚೀಟಿ ಅಂಟಿಸಿದೆ.

ನೀವು ಲ್ಯಾಮಿನೇಷನ್ ಮಾಡಿಸಿ ತೂಗುಹಾಕಿರುವುದು ನನ್ನ ಹೊಟ್ಟೆ. ನಿಮ್ಮ ದುಂಡಕ್ಷರದ ಅಂಕಿಗಳ ಪಕ್ಕದಲ್ಲೇ ನನ್ನ ಹಾಳೆಯ ಅಂಕಿಗಳನ್ನು ಬರೆದು ಕಳಿಸಿದ್ದೇನೆ, ಹೊಂದಿಸಿ ನೋಡಿ. ಬಿಂದುವಿನ ಆಚೆ ಒಂದೆರಡು ಅಂಕಿ ಬಿಟ್ಟರೆ ಎಲ್ಲಾ ಒಂದೇ. ‘ಉತ್ತಮ’ ಎಂಬುದು ಎರಡರಲ್ಲೂ ಇದೆ. ಓಂಕಾರಪ್ಪನವರು ಓದಿದ್ದು ಮೇಲಿನ ಹೆಸರನ್ನು ಮಾತ್ರ. ನಿಮ್ಮ ಹೆಸರಿದ್ದದ್ದು ಚೊಕ್ಕ, ನನ್ನ ಹೆಸರಿದ್ದದ್ದು ಕ್ರಿಮಿ. ಹೊನ್ನಾಳಿಯಲ್ಲಿ ಹದಿನೆಂಟು ಜನ ಗಂಡಸರು ಒಂದೇ ಹೆಂಗಸಿನ ಹೇಲನ್ನು ಎರಡು ಸಲ ನೋಡಿ ಎರಡು ತೀರ್ಪು ಕೊಟ್ಟರು. ಇದನ್ನು ನಿಮ್ಮ ಆಣೆಯ ಸಮೇತ ಸಾಸ್ವೆಹಳ್ಳಿಯ ಚಪ್ಪರದಲ್ಲಿ ಓದಬೇಕೆಂದಿದ್ದೆ. ಅದಕ್ಕೇ ನಿಮ್ಮಿಂದ ಅಂಕಿ ಬರೆಸಿಕೊಂಡೆ.

ನಾನು ಆಡಿದ ಸುಳ್ಳೂ ಒಂದಿದೆ. ನಿನ್ನೆ ಚೆಕಪ್ಪಿಗೆ ಹೋದಾಗ ಆ ಪೇಪರ್ ಕಟಿಂಗನ್ನು ಡಾಕ್ಟರಮ್ಮನಿಗೆ ತೋರಿಸಿದೆ. ಅವರು ಹೇಳಿದ್ದು ಇಷ್ಟು: ಹೊಟ್ಟೆಯಲ್ಲಿ ಯಾವ ಬ್ಯಾಕ್ಟೀರಿಯಾ ಹೆಚ್ಚು ನೆಲೆಸುತ್ತದೆ ಎಂಬುದಕ್ಕೆ ನಮ್ಮ ವಂಶವಾಹಿಯೂ ಒಂದಿಷ್ಟು ಕಾರಣ. ಅಂಥ ಗುರುತು ಇರುವ ಹೆಂಗಸರನ್ನೂ ಇಲ್ಲದವರನ್ನೂ ಲಕ್ಷಗಟ್ಟಲೆ ಹೋಲಿಸಿ, ಯಾರಲ್ಲಿ ಈ ರೋಗ ತುಸು ಹೆಚ್ಚು ಎಂದು ನೋಡುತ್ತಾರೆ. ಅದು ಇಡೀ ಜಾತ್ರೆಯ ಲೆಕ್ಕ, ಒಬ್ಬೊಬ್ಬರ ಹಣೆಬರಹವಲ್ಲ. ‘ಉತ್ತಮ’ ಇದ್ದವರಿಗೂ ಬರುತ್ತದೆ, ನನಗೇ ಬಂದಿದೆಯಲ್ಲ. ನಿಮ್ಮ ತಂಗಳಿನಿಂದ ಬಂತು ಎಂದು ನಾನು ಬರೆದದ್ದು ಹೊಟ್ಟೆಯುರಿಗೆ. ನನ್ನ ವಂಶದಿಂದ ಬಂತು ಎಂದು ನೀವು ಅಂದದ್ದೂ ಅಷ್ಟೇ. ಹಾಳೆಯ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ‘ಇದು ರೋಗಪತ್ತೆಯ ವರದಿಯಲ್ಲ’ ಎಂದು ಅವರೇ ಬರೆದಿದ್ದಾರೆ. ಲ್ಯಾಮಿನೇಷನ್ ಹೊಳಪಿನಲ್ಲಿ ನಿಮಗೆ ಕಂಡಿರಲಿಕ್ಕಿಲ್ಲ.

ಅದೇ ಆಸ್ಪತ್ರೆಯ ಬೆಂಚಿನ ಮೇಲೆ ನಿಮ್ಮ ವಯಸ್ಸಿನವರೊಬ್ಬರು ಕೂತಿದ್ದರು. ಎಡಗೈ ಊದಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ‘ಇಷ್ಟಾಗುವ ತನಕ ಯಾಕಮ್ಮ ಯಾರಿಗೂ ಹೇಳಲಿಲ್ಲ?’ ಎಂದು ನರ್ಸ್ ಕೇಳಿದರೆ ಆಕೆ ನನ್ನ ಮುಖ ನೋಡಿದರು. ನನ್ನನ್ನು ಯಾಕೆ ನೋಡಬೇಕು? ನಾನು ಎದ್ದು ಹೊರಗೆ ಬಂದು ನಲ್ಲಿಯ ಹತ್ತಿರ ನಿಂತುಕೊಂಡೆ.

ಕರುಣೆ ಬಂತು ಎಂದುಕೊಳ್ಳಬೇಡಿ. ನೀವು ಸತ್ತರೆ ಆ ಹಾಳೆ ನಿಮ್ಮ ಫೋಟೋ ಪಕ್ಕ ತೂಗುತ್ತದೆ, ಬಂದವರೆಲ್ಲ ‘ಚೊಕ್ಕ ಹೆಂಗಸು’ ಎನ್ನುತ್ತಾರೆ. ಅದಕ್ಕೆ ನಾನು ಬಿಡುವುದಿಲ್ಲ. ನೀವು ಬದುಕಬೇಕು. ನನ್ನ ಹಾಗೆ ಸೂಜಿ ಚುಚ್ಚಿಸಿಕೊಂಡು, ವಾಂತಿ ಮಾಡಿಕೊಂಡು, ‘ಇದು ಯಾವ ವಂಶದ್ದು’ ಎಂದು ಜನ ಕೇಳುವುದನ್ನು ಎರಡೂ ಕಿವಿಯಲ್ಲಿ ಕೇಳಿಸಿಕೊಳ್ಳಬೇಕು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ನಿಮ್ಮ ಕಾಲ ಬಂದಾಗ ನೀವು ಇರಬೇಕಲ್ಲ.

ನಾಳೆಯೇ ಹೋಗಿ. ಚರ್ಮ ಒಳಕ್ಕೆ ಎಳೆದುಕೊಂಡಿತ್ತೇ ಎಂದು ಕೇಳಿದ್ದಿರಿ. ಹೌದು, ನನಗೂ ಹಾಗೇ ಆಗಿತ್ತು.

ಶಾಂತಲಾ

—

ಉಬ್ರಾಣಿ
4 ಮೇ 2026

ಶಾಂತಲಾಗೆ,

ನಿನ್ನ ಕಾಗದ ಏಪ್ರಿಲ್ 4ಕ್ಕೆ ಬಂತು. ಒಡೀಲಿಲ್ಲ. ಬಾಳ ದಪ್ಪ ಇತ್ತು. ಇಷ್ಟು ದಿನ ಸುಮ್ನಿದ್ದು ಇಷ್ಟುದ್ದ ಬರೆದವ್ಳೆ ಅಂದ್ರೆ ಕೆಟ್ಟದ್ದೇ ಐತೆ ಅಂತ ಅನಸ್ತು. ಮದುವೆ ಮುಗೀಲಿ ಅಂತ ಕ್ಯಾಲೆಂಡರ್ ಪಕ್ಕದ ಆ ಹಾಳೆ ಹಿಂದೆ ಸಿಗಿಸಿಟ್ಟೆ. ಮದುವೆ 26ಕ್ಕೆ ಆತು. ಹೊಸ ಸೊಸೆ ಮನೆ ತುಂಬಿಸ್ಕಂಡು 28ಕ್ಕೆ ಒಡೆದು ಓದಿದೆ. ನಿನ್ನ ನಲವತ್ತು ದಿನಕ್ಕೆ ನನ್ನ ಇಪ್ಪತ್ನಾಲ್ಕು ನಾನೇ ಸೇರಿಸ್ಕಂಡೆ. ನಿನ್ನ ಮ್ಯಾಲೆ ಹಾಕಾಕೆ ಬರಲ್ಲ.

ಓದಿ ಎಲ್ಲಾ ಅಂಕಿ ಹೊಂದಿಸಿ ನೋಡಿದೆ. ಬೆರಳಿಟ್ಟು ಒಂದೊಂದೇ ನೋಡಿದೆ. ನಾಯಿ ವಿಷಯಕ್ಕೆ ಮೊದ್ಲು ಸಿಟ್ಟು ಬಂತು, ಆಮೇಲೆ ನಗು ಬಂತು, ಆಮೇಲೆ ಏನೂ ಬರಲಿಲ್ಲ.

ವಿನಯನ್ನ ಕರಕಂಡು ದಾವಣಗೆರೆಗೆ ಹೋದೆ. ನಿನ್ನ ಡಾಕ್ಟ್ರಮ್ಮನೇ. ಕಂಕುಳಿಗೂ ಐತಂತೆ. ಮೊದ್ಲು ಇಂಜೆಕ್ಷನ್, ಕುಗ್ಗಿದ ಮ್ಯಾಲೆ ಆಪರೇಷನ್. ‘ಎರಡು ತಿಂಗಳು ಮುಂಚೆ ಬಂದಿದ್ರೆ ಚೆನ್ನಾಗಿತ್ತು’ ಅಂದ್ರು. ಯಾಕೆ ಬರಲಿಲ್ಲ ಅಂತ ಕೇಳಿದ್ರು. ‘ನನ್ನ ಹತ್ರ ಹಾಳೆ ಇತ್ತು ಕಣಮ್ಮ’ ಅಂದೆ. ವಿನಯ ತಲೆ ತಗ್ಗಿಸ್ಕಂಡು ನಿಂತ.

ಸುದ್ದಿ ಮುಚ್ಚಿಡಾಕಾಗಲಿಲ್ಲ. ಸಾಸ್ವೆಹಳ್ಳಿ ಬೀಗರು ಮೊನ್ನೆ ಬಂದು ಅಂಗಳದಾಗೇ ಕೂತು, ‘ಮೊದಲ್ನೇ ಸೊಸೆಗೂ ಇದೇ, ಅತ್ತೆಗೂ ಇದೇ, ನಿಮ್ಮ ಮನೇಲಿ ಏನೈತೆ’ ಅಂದ್ರು. ‘ನಿಮ್ಮ ವಂಶದಾಗೆ ಯಾರಿಗಿತ್ತು’ ಅಂತ ಕೇಳಿದ್ರು. ಹೊಸ ಸೊಸೆ ನೀರಿನ ಲೋಟ ದೂರ ಇಟ್ಟು ಹೋಗ್ತಾಳೆ. ಬಿಸಿ ಅನ್ನ ಆಕೆ ಮೊದ್ಲು ಉಣ್ತಾಳೆ. ನೀನು ಬರೆದಿದ್ದೆಲ್ಲಾ ಆತು. ಎರಡೂ ಕಿವೀಲೂ ಕೇಳಿಸ್ಕಂಡೆ. ಸಾಕಾ?

ಅಜ್ಜಮ್ಮ ಮಜ್ಜಿಗೆ ತರ್ತಾಳೆ. ಆಕೆ ಹೆಸರು ಹೇಳಿ ನಿಂಗೆ ಬರೆದಿದ್ದೆ ಅಂತ ಹೇಳಿದೆ. ‘ಹೇಳ್ಕಳ್ಳೇ, ನನ್ನ ಹೆಸರೇನು ಸವೀತದಾ’ ಅಂದ್ಲು.

ನೀನು ಕೇಳಿದ್ದು ಬರೆದೀನಿ. ಹೊನ್ನಾಳೀಲಿ ನಾ ಆಡಿದ್ದು ಸುಳ್ಳು, ಶಾಂತಲಾ ವಂಶದಾಗೆ ದೋಷ ಐತೆ ಅಂತ ಹೇಳಾಕೆ ನಂಗೆ ಯಾವ ಆಧಾರವೂ ಇರಲಿಲ್ಲ, ನಮ್ಮ ಹೆಣ್ಣಿನ ಮದುವೆಗೋಸ್ಕರ ಆಕೇನ ಕಾಯಿಸಿ ಕೆಡಿಸಿದ್ದು ನಾನು, ಹಿಂಗೆ ಬರೆದು ಸಹಿ ಹಾಕಿ ಓಂಕಾರಪ್ಪನ ಕೈಲೇ ಜಗಳೂರಿಗೆ ಕಳಿಸೀನಿ. ಹೋಗಲ್ಲ ಅಂದ. ‘ಕನ್ನಡಕ ಹಾಕ್ಕಂಡು ಹೋಗು’ ಅಂದೆ, ಹೋದ. ಅವರು ಏನಂತಾರೋ ಗೊತ್ತಿಲ್ಲ. ಆ ಹುಡುಗಂಗೆ ಇನ್ನೂ ಎಲ್ಲೂ ಆಗಿಲ್ಲವಂತೆ.

ಹಾಳೆ ಗೋಡೆಯಿಂದ ತೆಗೆದು ಇದರ ಜೊತೆ ಕಳಿಸೀನಿ. ನಿಂದೇ ಅದು. ನಿನ್ನ ಹೊಟ್ಟೆ ಚೊಕ್ಕ ಐತೆ ಅಂತ ಅವರು ಎರಡೆರಡು ಸಲ ಬರೆದವ್ರೆ. ನನ್ನ ಹೊಟ್ಟೇಲಿ ಏನೈತೆ ಅಂತ ಇದುವರೆಗೂ ಯಾರೂ ನೋಡಿಲ್ಲ.

ಮೊದಲ್ನೇ ಇಂಜೆಕ್ಷನ್ 14ನೇ ತಾರೀಕು. ಕೂದಲು ಎಷ್ಟನೇ ದಿನಕ್ಕೆ ಉದುರುತ್ತೆ? ಡಾಕ್ಟ್ರನ್ನ ಕೇಳಾಕೆ ಬಾಯಿ ಬರಲಿಲ್ಲ. ನಿಂಗೆ ಗೊತ್ತು, ಬರಿ.

ದ್ಯಾಮಮ್ಮ

—

ಸವಳಂಗ
9 ಮೇ 2026

ಅತ್ತೆಯವರಿಗೆ,

ಹದಿನೇಳನೇ ದಿನಕ್ಕೆ.

ಹದಿನಾರನೇ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ನಾನು ಬರುತ್ತೇನೆ. ಕತ್ತರಿ ನನ್ನದೇ ತರುತ್ತೇನೆ. ಒಲೆಯ ಮುಂದೆಯೇ ಮಣೆ ಹಾಕಿಸಿ, ಹಿತ್ತಲಿಗೆ ಹೋಗುವುದು ಬೇಡ. ಕತ್ತರಿಸುವವಳೂ ನಾನೇ, ಗುಡಿಸುವವಳೂ ನಾನೇ. ಈ ಕೆಲಸವನ್ನು ನಾನು ಬೇರೆ ಯಾರಿಗೂ ಬಿಟ್ಟುಕೊಡುವುದಿಲ್ಲ.

ಶಾಂತಲಾ